ನಿವೃತ್ತಿ ಆಯ್ತು, ಇನ್ನೇನು ಮಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಹಳ ಕಾಲ ಬ್ಯಾಂಕಿನ ಪಿಂಚಣಿ ಕೌಂಟರಿನಲ್ಲಿ ಕೂತವನು. ನವೆಂಬರ್ ಬಂತೆಂದರೆ ಜೀವಿತ ಪ್ರಮಾಣಪತ್ರ ಕೊಡಲು ಬಾಗಿಲು ತೆರೆಯುವ ಮೊದಲೇ ಸಾಲು. ಸಹಿ ಹಾಕಿಸಿ ಮೊಹರು ಒತ್ತಿದರೆ ಮುಗಿಯಿತು, ಎರಡು ನಿಮಿಷದ ಕೆಲಸ. ಆದರೂ ಕೆಲವರು ಏಳುತ್ತಿರಲಿಲ್ಲ. ಛತ್ರಿಯನ್ನು ಕುರ್ಚಿಗೆ ಒರಗಿಸಿ, ಮಗನ ಕೆಲಸ, ಮಂಡಿ ನೋವು, ಹಳೆ ಮ್ಯಾನೇಜರ್ ಈಗ ಎಲ್ಲಿದ್ದಾರೆ ಅಂತೆಲ್ಲ ಮಾತಾಡುತ್ತಾ ಕೂರುತ್ತಿದ್ದರು. ಈಗ ನಾನೂ ಪಿಂಚಣಿದಾರ, ಶಿವಮೊಗ್ಗದಲ್ಲಿದ್ದೇನೆ. ಹಳೆ ಪರಿಚಯದವರು, ನಿವೃತ್ತರ ಸಂಘದ ಸಭೆಗೆ ಬಂದವರು, ದೂರದಿಂದ ಪತ್ರ ಬರೆದವರು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ. ನಿಮ್ಮ ಪ್ರಶ್ನೆ ಹುಡುಕಿಕೊಂಡು ಓದಿ.

## ಶುರುವಿನ ದಿನಗಳು

ನಿವೃತ್ತಿಗೆ ಇನ್ನೂ ಆರು ತಿಂಗಳಿದೆ. ಈಗಲೇ ಯೋಚನೆ ಮಾಡ್ಬೇಕಾ?

ಮಾಡಬೇಕು. ಸೇವಾ ಪುಸ್ತಕ ಸರಿಯಾಗಿದೆಯಾ, ನಾಮಿನಿ ಹೆಸರು ಹಳೆಯದೇ ಉಳಿದಿದೆಯಾ, ಹೆಂಡತಿಯ ಅಥವಾ ಗಂಡನ ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇದೆಯಾ ಅಂತ ಮೊದಲು ನೋಡಿ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಆದದ್ದಕ್ಕೆ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ನಿಂತದ್ದನ್ನು ಕೌಂಟರಿನಲ್ಲಿ ಕೂತು ಬೇಕಾದಷ್ಟು ನೋಡಿದ್ದೇನೆ.

ಕಾಗದಪತ್ರದ ಜೊತೆಗೆ ಇನ್ನೊಂದು ಕೆಲಸ ಇದೆ. ನಿವೃತ್ತಿಯ ನಂತರ ಏನು ಮಾಡಬೇಕು ಅಂದುಕೊಂಡಿದ್ದೀರೋ ಅದನ್ನು ಕೆಲಸದಲ್ಲಿರುವಾಗಲೇ ಭಾನುವಾರಗಳಂದು ಶುರು ಮಾಡಿ. ಸಂಗೀತದ ಪಾಠವಾಗಲಿ, ಶಾಲೆಯಲ್ಲಿ ಗಣಿತ ಹೇಳಿಕೊಡುವುದಾಗಲಿ. ಶಾಲು, ಹಾರ, ಗಂಧದ ಮಾಲೆ ಎಲ್ಲ ಆದಮೇಲೆ "ಇನ್ನು ನೋಡೋಣ" ಅಂದವರು ನೋಡುತ್ತಲೇ ಇರುತ್ತಾರೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. ಆ ಎರಡು ವರ್ಷ ಹೆಚ್ಚು ಸಿಕ್ಕಿದವರೂ ಕೊನೆ ತಿಂಗಳವರೆಗೆ ಏನೂ ಯೋಚಿಸಿರಲಿಲ್ಲ. ನಮ್ಮ ಜನ ಹಾಗೇ.

ಮೊದಲ ತಿಂಗಳು ಚೆನ್ನಾಗಿತ್ತು. ಈಗ ಬೆಳಗ್ಗೆ ಎದ್ರೆ ಏನೋ ಖಾಲಿ ಖಾಲಿ. ನಂಗೆ ಮಾತ್ರಾನಾ ಹೀಗೆ?

ಅಲ್ಲ. ಬಹಳ ಜನರಿಗೆ ಹೀಗೇ. ಮೊದಲ ತಿಂಗಳು ರಜೆ ಇದ್ದ ಹಾಗೆ ಇರುತ್ತದೆ. ಧರ್ಮಸ್ಥಳ, ಕುಕ್ಕೆ, ಮಗಳ ಮನೆ, ಎಷ್ಟೋ ವರ್ಷದಿಂದ ಬಾಕಿ ಇದ್ದ ಕಣ್ಣಿನ ಆಪರೇಷನ್. ಅದೆಲ್ಲ ಮುಗಿದಮೇಲೆ ಒಂದು ಸೋಮವಾರ ಬರುತ್ತದೆ. ಹೋಗುವ ಜಾಗವಿಲ್ಲ.

ಜನ ಆಗ "ಜೀವನಕ್ಕೆ ಒಂದು ಗುರಿ ಬೇಕು" ಅಂತ ಹುಡುಕಲು ಹೊರಡುತ್ತಾರೆ. ಗುರಿ ಅಂದಾಕ್ಷಣ ಏನೋ ದೊಡ್ಡದೇ ಆಗಬೇಕು ಅನ್ನಿಸಿ ಕೈಕಾಲು ಆಡುವುದಿಲ್ಲ. ನಾನು ಕೇಳುವುದು ಬೇರೆ ಪ್ರಶ್ನೆ: ನಾಳೆ ನೀವು ಮನೆ ಬಿಟ್ಟು ಹೊರಡದಿದ್ದರೆ, ಮನೆಯವರನ್ನು ಬಿಟ್ಟು ಬೇರೆ ಯಾರಾದರೂ ಫೋನ್ ಮಾಡಿ "ಯಾಕೆ ಬರಲಿಲ್ಲ?" ಅಂತ ಕೇಳುತ್ತಾರಾ? ಕೆಲಸದಲ್ಲಿದ್ದಾಗ ಕೇಳುತ್ತಿದ್ದರು. ಸಂಬಳ, ಕುರ್ಚಿ, ಅಧಿಕಾರ ಹೋದದ್ದಕ್ಕಿಂತ ಇದು ಹೋದದ್ದೇ ಜಾಸ್ತಿ ನೋಯಿಸುತ್ತದೆ. ವಾರದಲ್ಲಿ ಎರಡು ಹೊತ್ತಾದರೂ ಹಾಗೆ ಕೇಳುವವರು ಇರುವಂತೆ ಮಾಡಿಕೊಳ್ಳಿ. ಈ ಬರಹದ ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಅದಕ್ಕೇ ಇರುವ ದಾರಿಗಳು.

ಕೆಲಸದಲ್ಲಿದ್ದಾಗ ಎಲ್ಲರೂ ನಮಸ್ಕಾರ ಸಾರ್ ಅಂತಿದ್ರು. ಈಗ ಅದೇ ಆಫೀಸಿಗೆ ಹೋದ್ರೆ ಕೂತ್ಕೊಳಿ ಅನ್ನೋರಿಲ್ಲ. ತುಂಬಾ ಬೇಜಾರಾಗುತ್ತೆ.

ಹೋಗಬೇಡಿ. ನಿಮ್ಮ ಕಡತ ಬಾಕಿ ಇದ್ದರೆ ಹೋಗಿ, ಕೆಲಸ ಮುಗಿಸಿ ಬನ್ನಿ. ಕಾಫಿಗೆ, ಹರಟೆಗೆ ಅಂತ ಹೋಗಬೇಡಿ. ಅಲ್ಲಿರುವವರಿಗೆ ನಿಮ್ಮ ಮೇಲೆ ಕೋಪವಿಲ್ಲ, ಪುರುಸೊತ್ತಿಲ್ಲ, ಅಷ್ಟೇ. ನಿಮ್ಮ ಜೊತೆಗೇ ನಿವೃತ್ತರಾದವರನ್ನು ಹೊರಗೆ ಎಲ್ಲಾದರೂ ಭೇಟಿ ಮಾಡಿ. ಗೇಟಿನ ಮೇಲೆ "ನಿವೃತ್ತ ಉಪ ನಿರ್ದೇಶಕರು" ಅಂತ ಫಲಕ ಹಾಕಿಸಿದರೆ ತಪ್ಪೇನಿಲ್ಲ. ಆದರೆ ಅದನ್ನು ಓದುವುದು ಕೊರಿಯರ್ ಹುಡುಗ ಮಾತ್ರ.

## ಮನೆಯೊಳಗೆ

ಇವರು ರಿಟೈರ್ ಆದ್ಮೇಲೆ ನನಗೆ ಕೆಲಸ ಡಬಲ್ ಆಗಿದೆ. ಇವರಿಗೆ ಸ್ವಲ್ಪ ಹೇಳಿ.

ಇದು ಹೆಂಗಸರಿಂದ ಬರುವ ಪ್ರಶ್ನೆ. ಗಂಡಸರು ಕೇಳುವ ಎಲ್ಲ ಪ್ರಶ್ನೆಗಳನ್ನೂ ಸೇರಿಸಿದರೂ ಇದರಷ್ಟು ಸಲ ಬಂದಿಲ್ಲ.

ಒಬ್ಬರ ಮನೆಯಲ್ಲಿ ಆದದ್ದು ಹೇಳುತ್ತೇನೆ. ಯಜಮಾನರು ಸ್ಟೋರ್ಸ್ ವಿಭಾಗದಲ್ಲಿದ್ದವರು. ನಿವೃತ್ತಿಯಾದ ಮೂರನೇ ವಾರ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ಸಾಸಿವೆ, ಜೀರಿಗೆ, ಮೆಂತ್ಯ ಅಂತ ಚೀಟಿ ಅಂಟಿಸಿ, ಅಕ್ಷರದ ಕ್ರಮದಲ್ಲಿ ಜೋಡಿಸಿಟ್ಟರು. ಮೂವತ್ತು ವರ್ಷ ಕಣ್ಣು ಮುಚ್ಚಿ ಒಗ್ಗರಣೆ ಹಾಕುತ್ತಿದ್ದ ಹೆಂಗಸು ಅವತ್ತು ಇಂಗು ಸಿಗದೆ ಎಣ್ಣೆ ಸೀಯಿಸಿಕೊಂಡರು. ಅವರು ಜಗಳವಾಡಲಿಲ್ಲ. ಗಂಡನ ಕಪಾಟಿನ ಫೈಲುಗಳನ್ನು ಬಣ್ಣದ ಪ್ರಕಾರ ಜೋಡಿಸಿಟ್ಟರು. ಅರ್ಥವಾಯಿತು.

ಯಜಮಾನರುಗಳಿಗೆ ಎರಡು ಮಾತು. ಮೊದಲನೆಯದು, "ಸಹಾಯ ಮಾಡ್ತೀನಿ" ಅನ್ನಬೇಡಿ. ಒಂದು ಕೆಲಸವನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ. ಬೆಳಗಿನ ತಿಂಡಿ ಅಂದರೆ ಹಿಂದಿನ ರಾತ್ರಿ ಹಿಟ್ಟು ಇದೆಯಾ ನೋಡುವುದರಿಂದ ಹಿಡಿದು ಕೊನೆಯ ಲೋಟ ತೊಳೆಯುವವರೆಗೆ. ಕೇಳಿ ಕೇಳಿ ಮಾಡಿದರೆ ಹೇಳುವ ಕೆಲಸ ಅವರ ತಲೆಗೇ ಬಿತ್ತು. ಎರಡನೆಯದು, ಹತ್ತರಿಂದ ಒಂದು ಗಂಟೆವರೆಗೆ ಮನೆಯಿಂದ ಹೊರಗಿರಿ. ಎಲ್ಲಿಗೆ ಅಂತ ಗೊತ್ತಾಗದಿದ್ದರೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಪೇಪರ್ ಓದಿ. ಆ ಮೂರು ಗಂಟೆ ಅವರದ್ದು. ನೀವು ಆಫೀಸಿಗೆ ಹೋಗುತ್ತಿದ್ದಷ್ಟು ವರ್ಷವೂ ಅದು ಅವರದ್ದೇ ಆಗಿತ್ತು.

ನಾನೂ ಟೀಚರ್ ಆಗಿ ನಿವೃತ್ತಳಾದೆ. ಆದ್ರೆ ಅಡುಗೆಮನೆಯಿಂದ ನಿವೃತ್ತಿ ಯಾವಾಗ?

ಯಾರೂ ಕೊಡುವುದಿಲ್ಲ, ನೀವೇ ತೆಗೆದುಕೊಳ್ಳಬೇಕು ಮೇಡಂ. ಕೆಲಸಕ್ಕೆ ಹೋಗುತ್ತಿದ್ದಾಗ ಮನೆಯವರು ಒಪ್ಪಿಕೊಂಡಿದ್ದ ಸಣ್ಣ ಸಣ್ಣ ಅನುಕೂಲಗಳೂ ನಿವೃತ್ತಿಯಾದ ಮರುದಿನವೇ ಹೋಗುತ್ತವೆ. "ಹೇಗೂ ಮನೇಲೇ ಇರ್ತೀಯಲ್ಲ" ಅನ್ನುವ ಒಂದು ಮಾತು ಸಾಕು. ಹಾಗಾಗಿ ಅಡುಗೆಗೆ ಬರುತ್ತಿದ್ದವರನ್ನು, ಪಾತ್ರೆಗೆ ಬರುತ್ತಿದ್ದವರನ್ನು ಬಿಡಿಸಬೇಡಿ. ಪಿಂಚಣಿ ನಿಮ್ಮದೇ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಇದರಿಂದ ಎಷ್ಟು ಜನ ನಿವೃತ್ತ ಶಿಕ್ಷಕಿಯರು ಮನೆ ಬಿಟ್ಟು ಹೊರಟರು ಅನ್ನುವುದನ್ನು ಬಸ್ ನಿಲ್ದಾಣದಲ್ಲಿ ನಿಂತು ನೋಡಬೇಕು. ಇಲ್ಲಿ ಒಂದು ಗುಂಪಿದೆ. ತಿಂಗಳಿಗೊಮ್ಮೆ ಒಂದು ಊರು: ಬಳ್ಳಿಗಾವಿ, ಇಕ್ಕೇರಿ, ಕೆಳದಿ, ಹತ್ತಿರದವೇ. ಹಿಂದಿನ ದಿನ ಒಬ್ಬರು ಆ ಊರಿನ ಬಗ್ಗೆ ಓದಿಕೊಂಡು ಬಂದು ದೇವಸ್ಥಾನದ ಜಗಲಿ ಮೇಲೆ ಕೂತು ಉಳಿದವರಿಗೆ ಹೇಳಬೇಕು. ಚಿತ್ರಾನ್ನ ಯಾರು, ಮೊಸರನ್ನ ಯಾರು ಅಂತ ಮೊದಲೇ ಹಂಚಿಕೆ. ಒಬ್ಬರು ಬರದಿದ್ದರೆ ಮೊಸರನ್ನ ಇಲ್ಲ. ಅದಕ್ಕೇ ಯಾರೂ ತಪ್ಪಿಸುವುದಿಲ್ಲ.

ಮೊಮ್ಮಗುವನ್ನು ನೋಡಿಕೊಳ್ಳೋದಕ್ಕೆ ಅಮೆರಿಕಕ್ಕೆ ಬನ್ನಿ ಅಂತ ಮಗಳು ಕರೀತಿದ್ದಾಳೆ. ಇನ್ನು ಅದೇ ನಮ್ಮ ಜೀವನವಾ?

ಹೋಗಿ ಬನ್ನಿ. ಮಗುವಿನ ಮೊದಲ ವರ್ಷ ನೋಡುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಆದರೆ ಲೆಕ್ಕ ಗೊತ್ತಿರಲಿ. ಪ್ರವಾಸಿ ವೀಸಾದಲ್ಲಿ ಹೋದರೆ ಅಲ್ಲಿ ಇಳಿದಾಗ ಸಾಮಾನ್ಯವಾಗಿ ಆರು ತಿಂಗಳ ಅನುಮತಿ ಕೊಡುತ್ತಾರೆ. ಅಲ್ಲಿನ ಆಸ್ಪತ್ರೆ ಖರ್ಚು ಯಾವ ಪಿಂಚಣಿಗೂ ನಿಲುಕುವುದಿಲ್ಲ, ವಿಮೆ ಇಲ್ಲದೆ ಹೊರಡಬೇಡಿ. ಎಷ್ಟೋ ಬಡಾವಣೆಗಳಲ್ಲಿ ಕಾರಿಲ್ಲದೆ ಹಾಲು ತರುವುದಕ್ಕೂ ಆಗುವುದಿಲ್ಲ. ಇಲ್ಲಿ ಸಂಜೆ ರಸ್ತೆ ತಿರುವಿನವರೆಗೆ ನಡೆದರೆ ನಾಲ್ಕು ಜನ ಸಿಗುತ್ತಾರೆ. ಅಲ್ಲಿ ಸಿಗದೇ ಇರಬಹುದು.

ಹೋಗುವ ಮೊದಲೇ ಮಗಳ ಹತ್ತಿರ ಮಾತಾಡಿ: ವಾರದಲ್ಲಿ ಒಂದು ದಿನ ನಮಗೆ ರಜೆ, ಒಂದು ದಿನ ನಮ್ಮನ್ನು ಗ್ರಂಥಾಲಯಕ್ಕೋ ದೇವಸ್ಥಾನಕ್ಕೋ ಬಿಡಬೇಕು, ಇಂಥ ತಿಂಗಳು ವಾಪಸ್. ಬೇಸರಪಟ್ಟುಕೊಂಡಾಳು ಅಂತ ಸುಮ್ಮನಿದ್ದವರು ನಾಲ್ಕನೇ ತಿಂಗಳಲ್ಲಿ ಬೇರೆ ಯಾವುದೋ ಸಣ್ಣ ವಿಷಯಕ್ಕೆ ಸಿಡಿಯುತ್ತಾರೆ. ದೊಡ್ಡ ಊರುಗಳಲ್ಲಿ ಕನ್ನಡ ಕೂಟಗಳಿವೆ, ಮಕ್ಕಳಿಗೆ ವಾರಾಂತ್ಯ ಕನ್ನಡ ಕಲಿಸುವ ತರಗತಿಗಳಿವೆ. ಕತೆ ಹೇಳಬಲ್ಲ ಅಜ್ಜಿ ತಾತ ಅಲ್ಲಿ ಬೇಕಾಗಿದ್ದಾರೆ.

## ದುಡ್ಡು, ತೋಟ, ಮತ್ತೆ ಕೆಲಸ

ನಿವೃತ್ತಿ ದುಡ್ಡು ಒಟ್ಟಿಗೆ ಬಂದಿದೆ. ಮಗನ ಬಿಸಿನೆಸ್‌ಗೆ ಕೊಡ್ಲಾ? ಜಾಸ್ತಿ ಬಡ್ಡಿ ಕೊಡೋ ಸೊಸೈಟಿಗೆ ಹಾಕ್ಲಾ?

ನೆಮ್ಮದಿಯ ಬಗ್ಗೆ ಬರೆಯುವಾಗ ದುಡ್ಡಿನ ಮಾತು ಯಾಕೆ ಅಂತ ಕೇಳಬೇಡಿ. ಗ್ರಾಚ್ಯುಟಿ ಕಳೆದುಕೊಂಡವರು ಕಾವ್ಯವನ್ನು ರಾಗದಲ್ಲಿ ಓದುವ ಗಮಕ ಕಲಿಯಲು ಬರುವುದಿಲ್ಲ.

ಮೊದಲ ಆರು ತಿಂಗಳು ಆ ದುಡ್ಡನ್ನು ಮುಟ್ಟಬೇಡಿ. ಯಾರು ಕೇಳಿದರೂ "ಡಿಪಾಸಿಟ್‌ನಲ್ಲಿದೆ" ಅನ್ನಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷ ರೂಪಾಯಿವರೆಗೆ ಇಡಬಹುದು. ಐದು ವರ್ಷದ ಅವಧಿ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ತೆರೆಯಬಹುದು. ಬ್ಯಾಂಕ್ ಠೇವಣಿಗೆ 2020ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಆದರೆ ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಹೆಸರಿನ ಫಲಕ ದೊಡ್ಡದಿದ್ದ ಮಾತ್ರಕ್ಕೆ ಬ್ಯಾಂಕ್ ಆಗುವುದಿಲ್ಲ, ಕೇಳಿ ತಿಳಿದುಕೊಳ್ಳಿ.

ಮಗನಿಗೆ ಕೊಡುವುದಾದರೆ ವಾಪಸ್ ಬರದಿದ್ದರೂ ಪರವಾಗಿಲ್ಲ ಅನ್ನುವಷ್ಟು ಮಾತ್ರ. ಮನೆಯನ್ನು ದಾನಪತ್ರ ಮಾಡಿಕೊಡುವ ಯೋಚನೆ ಇದ್ದರೆ, ನಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಪಾಲಕರು ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ, ಆ ಷರತ್ತು ಮುರಿದರೆ ದಾನಪತ್ರ ರದ್ದು ಮಾಡಿಸಲು ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು.

ಪೊಲೀಸರು, ಸಿಬಿಐ ಅಂತ ವಿಡಿಯೋ ಕರೆ ಮಾಡಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅಂದರೆ ಫೋನ್ ಇಟ್ಟುಬಿಡಿ. ಅಂಥದ್ದೊಂದು ಅರೆಸ್ಟ್ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ದುಡ್ಡು ಹಿಂದಕ್ಕೆ ಸಿಗುವುದು ಕಷ್ಟ.

ಮತ್ತೆ ಕೆಲಸಕ್ಕೆ ಹೋದ್ರೆ ಜನ ಏನಂತಾರೆ?

ಎರಡು ದಿನ ಅನ್ನುತ್ತಾರೆ. ಅಂಗಡಿಯ ಲೆಕ್ಕ ಬರೆಯುವುದು, ಅಪಾರ್ಟ್‌ಮೆಂಟಿನ ಮ್ಯಾನೇಜರ್ ಕೆಲಸ, ಖಾಸಗಿ ಶಾಲೆಯಲ್ಲಿ ಅರ್ಧ ದಿನದ ಪಾಠ, ಎಲ್ಲವೂ ಮರ್ಯಾದೆಯವೇ. ಕೇಂದ್ರ ಸರ್ಕಾರ 60 ದಾಟಿದವರ ಉದ್ಯೋಗಕ್ಕೆಂದೇ 2021ರ ಅಕ್ಟೋಬರ್ 1ರಂದು 'ಸೇಕ್ರೆಡ್' ಅನ್ನುವ ಪೋರ್ಟಲ್ ಶುರು ಮಾಡಿತು. ಆದರೆ ನಾನು ನೋಡಿದ ಹಾಗೆ ಈ ವಯಸ್ಸಿನ ಕೆಲಸ ಪರಿಚಯದ ಮೇಲೇ ಸಿಗುವುದು ಜಾಸ್ತಿ. ಸಂಬಳಕ್ಕಿಂತ ಸಮಯದ ಬಗ್ಗೆ ಮೊದಲು ಮಾತಾಡಿಕೊಳ್ಳಿ. ಅರ್ಧ ದಿನ ಅಂತ ಸೇರಿಸಿಕೊಂಡು ಸಂಜೆ ಏಳರವರೆಗೆ ಕೂರಿಸುವವರಿದ್ದಾರೆ.

ಊರಿಗೆ ಹೋಗಿ ತೋಟ ಮಾಡ್ಕೊಂಡು ಇರೋಣ ಅಂತ ಆಸೆ. ಸರಿಯಾ?

ಈ ಆಸೆ ಇಲ್ಲದ ನೌಕರನನ್ನು ನಾನು ನೋಡಿಲ್ಲ. 2020ರ ಭೂ ಸುಧಾರಣಾ ಕಾಯ್ದೆ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಹಾಗಾಗಿ ಆಸೆಯ ಜೊತೆಗೆ ದಲ್ಲಾಳಿಗಳೂ ಬಂದಿದ್ದಾರೆ.

ಮಲೆನಾಡಿನ ಲೆಕ್ಕ ಹೇಳುತ್ತೇನೆ. ಇವತ್ತು ಅಡಿಕೆ ಸಸಿ ನೆಟ್ಟರೆ ಫಸಲು ಬರುವುದಕ್ಕೆ ಐದರಿಂದ ಏಳು ವರ್ಷ. 60ಕ್ಕೆ ನೆಟ್ಟವರು ಮೊದಲ ಕೊಯ್ಲನ್ನು 66ಕ್ಕೆ ನೋಡುತ್ತಾರೆ. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಮೈಲುತುತ್ತ, ಸುಣ್ಣ ಹದವಾಗಿ ಬೆರೆಸಬೇಕು, ಮರ ಹತ್ತಿ ಹೊಡೆಯುವ ಕೊನೆಗೌಡ ಸಿಗಬೇಕು. ಸಿಗುವುದಿಲ್ಲ. ಸಿಕ್ಕರೆ ಆ ದಿನ ಮಳೆ ಬಿಡುವುದಿಲ್ಲ. ಈಚೆಗೆ ಎಲೆಚುಕ್ಕೆ ರೋಗ ಬೇರೆ. ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ತೋಟ ಅಂದರೆ ಸಂಜೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುವುದು ಅಂದುಕೊಂಡವರಿಗೆ ಹೇಳುತ್ತಿದ್ದೇನೆ.

ಕೊಳ್ಳುವ ಮೊದಲು ಆ ಊರಿನಲ್ಲಿ ಒಂದು ವರ್ಷ ಬಾಡಿಗೆಗೆ ಇರಿ. ಅದರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಇರಲೇಬೇಕು. ಕರೆಂಟ್ ಮೂರು ದಿನ ಹೋದಾಗ ಹೇಗಿರುತ್ತದೆ, ಆಸ್ಪತ್ರೆ ಎಷ್ಟು ದೂರ, ಹೆಂಡತಿಗೆ ಅಲ್ಲಿ ಮಾತಾಡಲು ಯಾರಿದ್ದಾರೆ ಅನ್ನುವುದು ಆಗ ಗೊತ್ತಾಗುತ್ತದೆ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ಕೊಡುತ್ತಾರೆ, ಹೋಗಿ. ಅಷ್ಟೆಲ್ಲ ಆದಮೇಲೂ ಆಸೆ ಉಳಿದಿದ್ದರೆ ಕೊಳ್ಳಿ. ಉಳಿದವರು ನೆರೆಯವರ ತೋಟದಲ್ಲಿ ಕೆಲಸ ಕಲಿಯುತ್ತಾ ಇದ್ದರೂ ಅರ್ಧ ಸುಖ ಸಿಗುತ್ತದೆ, ಸಾಲ ಇರುವುದಿಲ್ಲ.

## ಏನು ಮಾಡಬಹುದು

ನಂಗೆ ಯಾವ ಹವ್ಯಾಸವೂ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಕೆಲಸದಲ್ಲಿದ್ದಾಗ ಜೊತೆಗಿದ್ದವರು ಯಾವ ವಿಷಯಕ್ಕೆ ನಿಮ್ಮ ಮೇಜಿನ ಹತ್ತಿರ ಬರುತ್ತಿದ್ದರು ಅಂತ ನೆನಪು ಮಾಡಿಕೊಳ್ಳಿ. ಅಲ್ಲಿಂದ ಶುರು ಮಾಡಿ.

ನಮ್ಮ ಬೀದಿಯಲ್ಲಿ ಸರ್ವೆ ಇಲಾಖೆಯಿಂದ ನಿವೃತ್ತರಾದ ಒಬ್ಬರಿದ್ದಾರೆ. ಓದುವ ಚಟ ಇಲ್ಲ, ಹಾಡು ಇಲ್ಲ, ವಾಕಿಂಗ್ ಅಂದರೆ ಆಗುವುದಿಲ್ಲ. ಮಂಗಳವಾರ ಮತ್ತು ಶುಕ್ರವಾರ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನ ಮೂಲೆ ಮೇಜಿನಲ್ಲಿ ಕೂರುತ್ತಾರೆ. ಹಳ್ಳಿಯಿಂದ ಬಂದವರು ಪ್ಲಾಸ್ಟಿಕ್ ಕವರಿನಿಂದ ಪಹಣಿ, ಟಿಪ್ಪಣಿ, ಆಕಾರಬಂದ್ ಅಂತ ಜಮೀನಿನ ದಾಖಲೆಗಳ ನಕಲು ತೆಗೆದು ಮುಂದಿಡುತ್ತಾರೆ. ಇವರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಬೆರಳಿನಿಂದ ಗೆರೆ ಎಳೆಯುತ್ತಾ ಓದುತ್ತಾರೆ. "ಇಲ್ಲಿ ನೋಡಪ್ಪ, ಪಹಣಿಯಲ್ಲಿ ಎರಡೆಕರೆ ಹತ್ತು ಗುಂಟೆ ಇದೆ, ಆಕಾರಬಂದ್‌ನಲ್ಲಿ ಎರಡೆಕರೆ ನಾಲ್ಕು ಗುಂಟೆ. ಮೊದಲು ಇದನ್ನ ಸರಿ ಮಾಡಿಸು, ಆಮೇಲೆ ತಮ್ಮನ ಮೇಲೆ ಕೇಸು ಹಾಕು." ದುಡ್ಡು ತಗೊಳ್ಳುವುದಿಲ್ಲ, ಕಾಫಿ ಕುಡಿಯುತ್ತಾರೆ. ಒಂದು ಶುಕ್ರವಾರ ಜ್ವರ ಬಂದು ಮಲಗಿದ್ದಾಗ ಹೋಟೆಲಿನವರೇ ಮನೆಗೆ ಹುಡುಗನನ್ನು ಕಳಿಸಿದ್ದರು.

ಇದನ್ನೇ ಸ್ವಲ್ಪ ಕ್ರಮವಾಗಿ ಮಾಡಬೇಕು ಅನ್ನುವವರಿಗೆ ಅರೆ ಕಾನೂನು ಸ್ವಯಂಸೇವಕ ಅನ್ನುವ ವ್ಯವಸ್ಥೆ ಇದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ತಂದದ್ದು. ನಿವೃತ್ತ ಶಿಕ್ಷಕರು, ನಿವೃತ್ತ ಸರ್ಕಾರಿ ನೌಕರರು, ಹಿರಿಯ ನಾಗರಿಕರು ಆಗಬಹುದು ಅಂತ ಯೋಜನೆಯಲ್ಲೇ ಇದೆ. ತರಬೇತಿ ಕೊಡುತ್ತಾರೆ, ಕೆಲಸ ಮಾಡಿದ ದಿನಕ್ಕೆ ಸಣ್ಣ ಗೌರವಧನವೂ ಇದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿ.

ಈ ವಯಸ್ಸಿನಲ್ಲಿ ಹೊಸದಾಗಿ ಏನಾದ್ರೂ ಕಲಿಯೋಕೆ ಆಗುತ್ತಾ?

ಆಗುತ್ತದೆ. ನಿಧಾನವಾಗಿ ಆಗುತ್ತದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ 60 ದಾಟಿದಮೇಲೆ ಎಂಎ ಮಾಡಿದವರು ನನಗೇ ಗೊತ್ತು. ಆದರೆ ಪರೀಕ್ಷೆ, ಅಂಕಪಟ್ಟಿ ಬೇಡ ಅನ್ನುವವರಿಗೆ ನಾನು ಹೇಳುವುದು ಗಮಕ.

ಶಿವಮೊಗ್ಗದ ಹತ್ತಿರ ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಹೊಸಹಳ್ಳಿ. ಹೊಸಹಳ್ಳಿ ಗಮಕದ ಊರು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಅಲ್ಲಿಯವರು. ಗಮಕ ಅಂದರೆ ಕಾವ್ಯವನ್ನು ರಾಗದಲ್ಲಿ ಓದುವುದು. ಸಂಗೀತ ಕಚೇರಿಯಷ್ಟು ಕಂಠ ಬೇಕಿಲ್ಲ, ಪದ ಒಡೆಯುವುದು ಗೊತ್ತಿರಬೇಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಒಂದು ಪದ್ಯಕ್ಕೆ ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೆಯದಕ್ಕೆ 23. ಮೂರು, ನಾಲ್ಕು, ಮೂರು, ನಾಲ್ಕು ಅಂತ ಮೇಜಿನ ಮೇಲೆ ಬೆರಳು ತಟ್ಟುತ್ತಾ ಓದಿದರೆ ಪದ್ಯ ತಾನೇ ನಡೆಯುತ್ತದೆ. ಬ್ಯಾಂಕಿನಲ್ಲಿ ಕೂಡಿಸಿ ಕಳೆದು ಬಂದವರಿಗೆ ಇದು ಬೇಗ ಹಿಡಿಸುತ್ತದೆ ಅನ್ನುವುದು ನನ್ನ ಅನುಮಾನ.

ಇದರಲ್ಲಿ ಇನ್ನೊಂದು ವಿಶೇಷ ಇದೆ. ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ವಾಚನ ಮತ್ತು ವ್ಯಾಖ್ಯಾನ. ಒಬ್ಬರು ಬರದಿದ್ದರೆ ಇನ್ನೊಬ್ಬರ ಸಂಜೆ ಹಾಳು. ಮನೆಯಲ್ಲಿ ಒಬ್ಬರೇ ಕೂತು ಮೊಬೈಲ್ ನೋಡಿ ಕಲಿಯುವ ವಿದ್ಯೆಗಿಂತ ಇದು ಯಾಕೆ ಒಳ್ಳೆಯದು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ಕರಾವಳಿಯವರಿಗೆ ತಾಳಮದ್ದಲೆ ಇದೆ. ಅಲ್ಲಿ ಎದುರಾಳಿ ಇಲ್ಲದೆ ಮಾತೇ ಇಲ್ಲ.

ವಯಸ್ಸಿನ ಬಗ್ಗೆ ಇನ್ನೂ ಅನುಮಾನ ಇದ್ದರೆ ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯನವರ ಲೆಕ್ಕ ನೋಡಿ. ಹುಟ್ಟಿದ್ದು 1913ರಲ್ಲಿ. ವಿಜಯಾ ಕಾಲೇಜಿನಿಂದ 1973ರಲ್ಲಿ ನಿವೃತ್ತಿ. ಪ್ರಜಾವಾಣಿಯಲ್ಲಿ ಓದುಗರ ಪದಪ್ರಶ್ನೆಗಳಿಗೆ ಉತ್ತರ ಕೊಡುವ ಅಂಕಣ ಶುರು ಮಾಡಿದ್ದು 1991ರಲ್ಲಿ. 2011ರ ಬೆಂಗಳೂರು ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು. ತೀರಿಕೊಂಡದ್ದು 2021ರಲ್ಲಿ. ಜನ ಅವರನ್ನು ನೆನೆಯುವುದು ಹೆಚ್ಚಾಗಿ ನಿವೃತ್ತಿಯ ನಂತರದ ಕೆಲಸಕ್ಕೆ.

ಸಮಾಜಸೇವೆ ಮಾಡ್ಬೇಕು ಅಂತ ಇದೆ. ಆದ್ರೆ ಎಲ್ಲಿ ಹೋದ್ರೂ ರಾಜಕೀಯ, ಫೋಟೋ, ಸನ್ಮಾನ.

ವೇದಿಕೆ ಇಲ್ಲದ ಕೆಲಸ ಆರಿಸಿಕೊಳ್ಳಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಅಲ್ಲಿಗೆ ಮಕ್ಕಳು ಬರುತ್ತಾರೆ. ಎದುರು ಕೂತು ಗಟ್ಟಿಯಾಗಿ ಓದಿ ಹೇಳುವ ದೊಡ್ಡವರು ಕಡಿಮೆ. ವಾರಕ್ಕೆ ಒಂದು ಗಂಟೆ ಹೋಗಿ. ಮೊದಲ ವಾರ ಮಕ್ಕಳು ನಿಮ್ಮನ್ನು ಇನ್ಸ್‌ಪೆಕ್ಟರ್ ಅಂದುಕೊಂಡು ಮುದುರಿ ಕೂರುತ್ತಾರೆ. ನಾಲ್ಕನೇ ವಾರ ಬಾಗಿಲಲ್ಲೇ ಚೀಲ ಕಸಿದು ಪುಸ್ತಕ ಹುಡುಕುತ್ತಾರೆ. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ಮನಸ್ಸಿದ್ದರೆ ಕೇಂದ್ರ ಶಿಕ್ಷಣ ಇಲಾಖೆಯ 'ವಿದ್ಯಾಂಜಲಿ'ಯಲ್ಲಿ ಹೆಸರು ನೋಂದಾಯಿಸಬಹುದು. ದನಿ ಚೆನ್ನಾಗಿದ್ದರೆ ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳಲ್ಲಿ ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಣ ಮಾಡುವ ಕೆಲಸ ಇದೆ.

ಒಂದು ಎಚ್ಚರಿಕೆ. ಮೊದಲ ವರ್ಷ ಯಾವ ಸಂಘದಲ್ಲೂ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಆಗಬೇಡಿ. ಅಪಾರ್ಟ್‌ಮೆಂಟ್ ಸಂಘದಲ್ಲಂತೂ ಎರಡನೇ ವರ್ಷವೂ ಬೇಡ.

ಇಡೀ ದಿನ ವಾಟ್ಸಾಪ್, ಟಿವಿಯಲ್ಲೇ ಹೋಗುತ್ತೆ. ಬಿಡೋದು ಹೇಗೆ?

ಬಿಡಬೇಡಿ, ಬಳಸುವ ರೀತಿ ಬದಲಾಯಿಸಿ. ಗುಡ್ ಮಾರ್ನಿಂಗ್ ಚಿತ್ರ ಐವತ್ತು ಜನಕ್ಕೆ ಕಳಿಸುವ ಬದಲು ಒಬ್ಬರಿಗೆ ಫೋನ್ ಮಾಡಿ.

ಆತ್ಮಕಥೆ ಬರೀಬೇಕು ಅಂತಿದ್ದೀನಿ. ಯಾರು ಓದ್ತಾರೆ?

ಹುಟ್ಟಿದ ಊರು, ಪಟ್ಟ ಕಷ್ಟ, ಕಂಡ ಮೇಲಧಿಕಾರಿಗಳು ಅಂತ ಬರೆದರೆ ಮನೆಯವರೂ ಓದುವುದು ಕಷ್ಟ. ನಿಮ್ಮ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಬರೆಯಿರಿ. ಕಂಪ್ಯೂಟರ್ ಬರುವ ಮೊದಲು ಲೆಡ್ಜರ್‌ಗಳನ್ನು ತಾಳೆ ನೋಡಲು ಅರ್ಧ ವಾರ್ಷಿಕ ಲೆಕ್ಕದ ದಿನ ರಾತ್ರಿ ಎಷ್ಟು ಹೊತ್ತು ಕೂರುತ್ತಿದ್ದೆವು, ಹತ್ತು ಪೈಸೆ ವ್ಯತ್ಯಾಸ ಹುಡುಕುವುದು ಹೇಗೆ, ಇದು ಈಗಿನ ಬ್ಯಾಂಕ್ ಹುಡುಗರಿಗೆ ಗೊತ್ತಿಲ್ಲ. ಟೆಲಿಗ್ರಾಂ ಆಫೀಸು, ಮೊಳೆ ಜೋಡಿಸುವ ಮುದ್ರಣಾಲಯ, ಏಕೋಪಾಧ್ಯಾಯ ಶಾಲೆ, ಇವನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಹೀಗೆ ಬರೆದದ್ದನ್ನು ನಿಮ್ಮ ನೌಕರರ ಸಂಘದ ಪತ್ರಿಕೆಗೆ ಕಳಿಸಿ. ಊರಿನ ಇತಿಹಾಸ, ದೇವಸ್ಥಾನ, ಕೆರೆಗಳ ಬಗ್ಗೆ ಪುಸ್ತಕದ ಆಧಾರ ಇಟ್ಟು ಬರೆಯುವವರು 2003ರಿಂದ ಇರುವ ಕನ್ನಡ ವಿಕಿಪೀಡಿಯಕ್ಕೆ ಸೇರಿಸಬಹುದು. ಬರೆಯಲು ಬಾರದವರಿಗೆ ವಿಕಿಸೋರ್ಸ್‌ನಲ್ಲಿ ಹಳೆ ಪುಸ್ತಕಗಳ ಕರಡು ತಿದ್ದುವ ಕೆಲಸ ಬೇಕಾದಷ್ಟಿದೆ. ಕಾಗುಣಿತದ ತಪ್ಪು ಕಂಡರೆ ಸಿಟ್ಟು ಬರುವ ಮೇಷ್ಟ್ರುಗಳಿಗೆ ಹೇಳಿ ಮಾಡಿಸಿದ್ದು.

## ಕಷ್ಟದ ಪ್ರಶ್ನೆಗಳು

ದೇವರ ಪೂಜೆ, ಧ್ಯಾನ, ಯಾತ್ರೆ ಸಾಕಲ್ವಾ? 60ರ ಶಾಂತಿ ಆಯ್ತು, ಇನ್ನೂ ಯಾಕೆ ಓಡಾಟ?

ಸಾಕು ಅನ್ನಿಸಿದವರಿಗೆ ಸಾಕು, ಅವರು ಈ ಪ್ರಶ್ನೆ ಕೇಳುವುದಿಲ್ಲ. ನೀವು ಕೇಳುತ್ತಿದ್ದೀರಿ ಅಂದರೆ ಸಾಲದು ಅಂತ ಲೆಕ್ಕ. ಷಷ್ಟ್ಯಬ್ದಿ ಆದಮೇಲೆ 70ಕ್ಕೆ ಭೀಮರಥ ಶಾಂತಿ, 80 ದಾಟಿದರೆ ಸಹಸ್ರ ಚಂದ್ರದರ್ಶನ. ನಮ್ಮ ಹಿರಿಯರು ಮುಂದಕ್ಕೂ ಮುಹೂರ್ತ ಇಟ್ಟೇ ಹೋಗಿದ್ದಾರೆ. ದೇವಸ್ಥಾನವೇ ಇಷ್ಟವಾದರೆ ಅಲ್ಲೇ ಒಂದು ಕೆಲಸ ಹಿಡಿಯಿರಿ: ಹೂ ಕಟ್ಟುವುದು, ದಾಸೋಹದಲ್ಲಿ ಬಡಿಸುವುದು, ಹುಂಡಿ ಎಣಿಕೆ. ಪ್ರದಕ್ಷಿಣೆ ಹಾಕಿ ಬಂದವರಿಗಿಂತ ಪಾತ್ರೆ ತೊಳೆದು ಬಂದವರ ಮುಖದಲ್ಲಿ ಗೆಲುವು ಜಾಸ್ತಿ ಕಂಡಿದ್ದೇನೆ. ಒಪ್ಪದವರು ಜಗಳಕ್ಕೆ ಬರಬಹುದು.

ಹೆಂಡತಿ ಹೋಗಿ ಎರಡು ವರ್ಷ ಆಯ್ತು. ಯಾವುದರಲ್ಲೂ ಮನಸ್ಸಿಲ್ಲ. ಹವ್ಯಾಸ ಅಂತ ಹೇಳ್ಬೇಡಿ.

ಹೇಳುವುದಿಲ್ಲ. ದುಃಖಕ್ಕೆ ಗಮಕ ಔಷಧವಲ್ಲ. ಆದರೆ ಕೆಲವು ಗುರುತುಗಳನ್ನು ನೋಡಿಕೊಳ್ಳಿ: ನಸುಕಿನಲ್ಲಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದೆ ತೂಕ ಇಳಿಯುವುದು, ಸ್ನಾನಕ್ಕೂ ಏಳಲು ಮನಸ್ಸಾಗದಿರುವುದು, ನಾನಿದ್ದು ಏನು ಪ್ರಯೋಜನ ಅನ್ನಿಸುವುದು. ಇವು ಎರಡು ವಾರಕ್ಕಿಂತ ಹೆಚ್ಚು ದಿನ ಇದ್ದರೆ ವೈದ್ಯರ ಹತ್ತಿರ ಹೋಗಲೇಬೇಕು. ಇದು ಖಿನ್ನತೆ ಇರಬಹುದು, ಚಿಕಿತ್ಸೆ ಇದೆ. ಥೈರಾಯ್ಡ್, ಬಿ12 ಕೊರತೆಯಿಂದಲೂ ಹೀಗಾಗಬಹುದು, ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಆಸ್ಪತ್ರೆಗೆ ಹೋಗಲು ಹಿಂಜರಿಕೆ ಇದ್ದರೆ ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲಿ, ಉಚಿತ. ಮನೆಯಲ್ಲಿ ಹಿಂಸೆ, ಆಸ್ತಿ, ಒಂಟಿತನ ಇಂಥ ತೊಂದರೆಗಳಿಗೆ ಹಿರಿಯರ ಸಹಾಯವಾಣಿ 14567 ಇದೆ.

ಮತ್ತೆ, ಊಟ ಒಬ್ಬರೇ ಮಾಡಬೇಡಿ. ದಿನಾ ಆಗದಿದ್ದರೆ ವಾರಕ್ಕೆ ಎರಡು ಸಲವಾದರೂ ಇನ್ನೊಬ್ಬರ ಜೊತೆ ಕೂತು ಊಟ ಮಾಡಿ. ಅವರೂ ಹಾಗೆ ಒಂಟಿಯಾಗಿದ್ದವರಾದರೆ ಕರೆಯುವುದಕ್ಕೆ ಸಂಕೋಚವೂ ಇರುವುದಿಲ್ಲ.

ನಡೆಯೋಕಾಗಲ್ಲ, ಮನೆ ಬಿಟ್ಟು ಹೋಗೋಕಾಗಲ್ಲ. ನನ್ನಿಂದ ಯಾರಿಗೆ ಏನು ಉಪಯೋಗ?

ಸೊಂಟ ಮುರಿದು ಮಂಚ ಹಿಡಿದ ಗಣಿತದ ಮೇಡಂ ಒಬ್ಬರು ರಾತ್ರಿ ಏಳೂವರೆಗೆ ಫೋನ್ ಪಕ್ಕದಲ್ಲಿಟ್ಟುಕೊಂಡು ಕಾಯುತ್ತಾರೆ. ಹತ್ತನೇ ತರಗತಿಯ ಹುಡುಗಿಯರು ಫೋನ್ ಮಾಡಿ ಲೆಕ್ಕ ಕೇಳುತ್ತಾರೆ. ಮೇಡಂಗೆ ಪುಸ್ತಕ ಬೇಕಿಲ್ಲ. "ತ್ರಿಕೋನಮಿತಿಯಾ? ಮೊದಲು ಚಿತ್ರ ಬರಿ. ಬರೆದ್ಯಾ? ಈಗ ಎದುರಿನ ಬಾಹು ಯಾವುದು ಹೇಳು" ಅಂತ ಶುರು. ಉತ್ತರ ಹೇಳಿಬಿಡುವುದಿಲ್ಲ, ಹುಡುಗಿಯ ಬಾಯಿಂದಲೇ ತೆಗೆಸುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಫೋನ್ ಬಿಡುವಿಲ್ಲ ಅಂತ ಮಗನ ದೂರು.

ಗಣಿತ ಬಾರದಿದ್ದರೆ, ನಿಮ್ಮ ಹಾಗೇ ಮನೆಯಲ್ಲೇ ಇರುವ ನಾಲ್ಕು ಜನರ ಪಟ್ಟಿ ಮಾಡಿ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಫೋನ್ ಮಾಡಿ, ಮಾತ್ರೆ ತಗೊಂಡ್ರಾ ಅಂತ ಕೇಳಿ. ಫೋನ್ ಎತ್ತದಿದ್ದರೆ ಪಕ್ಕದ ಮನೆಯವರಿಗೆ ಮಾಡಿ. ಬಿದ್ದವರನ್ನು ಹೊತ್ತಿಗೆ ಸರಿಯಾಗಿ ಎತ್ತಿದ್ದು ಹೀಗೆ ಮಾಡಿದ ಫೋನಿನಿಂದ. ನಾನು ಕಂಡಿದ್ದೇನೆ.

ಎಲ್ಲಾ ಮಾಡಿ ನೋಡಿದೆ. ಆದ್ರೂ ಕೆಲಸದಲ್ಲಿದ್ದಾಗಿನ ತೃಪ್ತಿ ಸಿಗ್ತಿಲ್ಲ.

ಎಲ್ಲಾ ಮಾಡಿದ್ದೇ ತೊಂದರೆ ಇರಬಹುದು. ಯೋಗ, ಲಾಫಿಂಗ್ ಕ್ಲಬ್, ಭಗವದ್ಗೀತೆ ತರಗತಿ, ಎರಡು ಸಂಘ, ಮೂರು ಟ್ರಸ್ಟ್. ಎಲ್ಲಾ ಕಡೆ ನೀವು ಬಂದರೂ ಸರಿ, ಬಾರದಿದ್ದರೂ ಸರಿ. ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಡಿ. ಆ ಒಂದರಲ್ಲಿ ನಿಮ್ಮ ಮೇಲೆ ಬೇರೆಯವರ ಕೆಲಸ ನಿಂತಿರಬೇಕು. ಒಂದು ಮಳೆಗಾಲ, ಒಂದು ಬೇಸಿಗೆ ತಪ್ಪಿಸದೆ ಹೋಗಿ.

ಇನ್ನೊಂದು ಮಾತು, ಇದು ಕೇಳಲು ಹಿತವಾಗಿಲ್ಲ. ಶಸ್ತ್ರಚಿಕಿತ್ಸಕರು, ರಂಗದ ಮೇಲಿದ್ದವರು, ದೊಡ್ಡ ಅಣೆಕಟ್ಟು ಸೇತುವೆ ಕಟ್ಟಿದ ಎಂಜಿನಿಯರುಗಳು, ಇಂಥವರಿಗೆ ಆ ತೃಪ್ತಿ ಮತ್ತೆ ಅಷ್ಟೇ ಪ್ರಮಾಣದಲ್ಲಿ ಸಿಗದೇ ಹೋಗಬಹುದು. ಸಿಗುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಉಳಿದ ನಮ್ಮಂಥವರು ಮಾತ್ರ ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಕೆಲಸದಲ್ಲಿದ್ದಾಗ ಮಾರ್ಚ್ ತಿಂಗಳಲ್ಲಿ "ಯಾವಾಗಪ್ಪಾ ಇದರಿಂದ ಬಿಡುಗಡೆ" ಅಂತ ದಿನಾ ಗೊಣಗುತ್ತಿದ್ದವರು ಯಾರು? ಜೊತೆಗಿದ್ದವರನ್ನು ಕೇಳಿ ನೋಡಿ, ಅವರಿಗೆ ನೆನಪಿರುತ್ತದೆ.